ಗದ್ದೆಗೆ ಹುಣಿ, ಜಾಲಕ್ಕೆ ಪಾಲು

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದು ಕೊಡಿರೆಂದು ಸಂಪಾದಕ ಮಂಡಳಿಯ ಮಕ್ಕಳು ಪ್ರತಿವರ್ಷವೂ ನಮ್ಮ ಬೆನ್ನು ಹತ್ತುವುದುಂಟು. ಗಣಿತದ ಮೇಷ್ಟ್ರಿಗೆ ಬರೆಯಲು ಏನಿದೆ ಎಂದು ಹೇಳಿ ನಾವು ಜಾರಿಕೊಳ್ಳುವುದೂ ಉಂಟು. ಈ ಸಲ ಮಾತ್ರ ಹಾಗೆ ಮಾಡಲು ಮನಸ್ಸಾಗಲಿಲ್ಲ. ಕಂಪ್ಯೂಟರು ಕೋಣೆಯ ಬೀಗದ ಕೈ ನಮ್ಮ ಕೈಗೆ ಬಂದು ಹಲವು ವರ್ಷಗಳಾದವು. ಆ ಕೋಣೆಯ ವಿಚಾರದಲ್ಲಿ ನಮ್ಮಿಂದ ಒಂದು ತಪ್ಪು ನಡೆದುಹೋಯಿತು. ಅದನ್ನು ತಿದ್ದಿಕೊಳ್ಳಲು ಹೋಗಿ ಒಂದು ವಿದ್ಯೆಯನ್ನು ಕಲಿತೆವು. ತಪ್ಪನ್ನು ಮುಚ್ಚಿಟ್ಟು ವಿದ್ಯೆಯನ್ನಷ್ಟೇ ಹೇಳಿದರೆ ಅರ್ಧ ಪಾಠ ಹೇಳಿದಂತಾದೀತು. ಆದುದರಿಂದ ಎರಡನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನಮ್ಮ ಶಾಲೆಯಲ್ಲಿದ್ದುದು ಒಂದು ಕೋಣೆ, ಹತ್ತು ಕಂಪ್ಯೂಟರು. ಹತ್ತನ್ನೂ ತಂತಿಯಿಂದ ಒಂದು ಪೆಟ್ಟಿಗೆಗೆ ಜೋಡಿಸಿದ್ದೆವು. ಆ ಪೆಟ್ಟಿಗೆಗೆ ಸ್ವಿಚ್ಚು ಎಂದು ಹೆಸರು. ದೀಪದ ಸ್ವಿಚ್ಚು ಅಲ್ಲ. ಹಲವು ಯಂತ್ರಗಳ ತಂತಿಗಳು ಬಂದು ಕೂಡುವ ಜಂಕ್ಷನ್ನು. 2018ರಲ್ಲಿ ಕೇರಳ ಸರಕಾರದ ಹೈಟೆಕ್ ಶಾಲಾ ಯೋಜನೆ ಬಂತು. ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪು, ಪ್ರೊಜೆಕ್ಟರು ಬಂದವು. ಆಮೇಲೆ ಆಫೀಸಿಗೆ ಬಂತು, ವಾಚನಾಲಯಕ್ಕೆ ಬಂತು, ಅಧ್ಯಾಪಕರ ಕೋಣೆಗೆ ಬಂತು. ಹೊಸ ಯಂತ್ರ ಬಂದಾಗಲೆಲ್ಲ ನಾವು ಮಾಡಿದ್ದಿಷ್ಟೆ: ಹತ್ತಿರದ ಸ್ವಿಚ್ಚಿನಲ್ಲಿ ಖಾಲಿ ಇರುವ ತೂತಿಗೆ ಒಂದು ತಂತಿ ಸಿಕ್ಕಿಸುವುದು, ದೀಪ ಮಿಣುಕಿದರೆ ಸರಿಯಾಯಿತೆಂದು ಕೈ ತೊಳೆದುಕೊಳ್ಳುವುದು. ಹೀಗೆ ಬೆಳೆದು ಬೆಳೆದು ಪ್ರಯೋಗಾಲಯದಲ್ಲಿ 40, ತರಗತಿಗಳಲ್ಲಿ 18, ಅಧ್ಯಾಪಕರ ಕೋಣೆ ಮತ್ತು ವಾಚನಾಲಯ ಸೇರಿ 14, ಆಫೀಸಿನಲ್ಲಿ 5, ಒಟ್ಟು 77 ಯಂತ್ರಗಳು ಒಂದೇ ಜಾಲದಲ್ಲಿ ಕುಳಿತುಬಿಟ್ಟವು. ಒಂದೇ ಚಾವಡಿಯಲ್ಲಿ ಮದುವೆಯ ನೆಂಟರೆಲ್ಲ ಮಲಗಿದ ಹಾಗೆ. ಯಾರು ಕೆಮ್ಮಿದರೂ ಎಲ್ಲರಿಗೂ ಕೇಳುತ್ತದೆ; ಯಾರು ಪೆಟ್ಟಿಗೆ ತೆರೆದರೂ ಎಲ್ಲರಿಗೂ ಕಾಣುತ್ತದೆ.

2022ರ ಮಳೆಗಾಲದಲ್ಲಿ ಆಫೀಸಿನಲ್ಲಿ ವಿದ್ಯಾರ್ಥಿವೇತನದ ಕೆಲಸ ನಡೆಯುತ್ತಿತ್ತು. ಕ್ಲಾಸು ಟೀಚರರಿಗೂ ಗುಮಾಸ್ತರಿಗೂ ಅನುಕೂಲವಾಗಲೆಂದು ಆಫೀಸಿನ ಒಂದು ಕಂಪ್ಯೂಟರಿನಲ್ಲಿ ಒಂದು ಫೋಲ್ಡರನ್ನು ನಾವೇ ಎಲ್ಲರಿಗೂ ತೆರೆದಿಟ್ಟೆವು. ಪಾಸ್‌ವರ್ಡು ಇಟ್ಟರೆ ಹಿರಿಯ ಅಧ್ಯಾಪಕರಿಗೆ ನೆನಪಿಡಲು ಕಷ್ಟವಾದೀತೆಂದು ಅದನ್ನೂ ಇಡಲಿಲ್ಲ. ಮಕ್ಕಳ ಹೆಸರು, ಮನೆಯ ವರಮಾನ, ತಂದೆ ಇದ್ದಾರೆಯೇ ಇಲ್ಲವೇ, ಮನೆಯಲ್ಲಿ ಕಾಯಿಲೆಯವರು ಯಾರು, ಎಲ್ಲವೂ ಆ ಪಟ್ಟಿಯಲ್ಲಿದ್ದವು.

ಒಂದು ದಿನ ಪ್ರಯೋಗಾಲಯದ ಪಿರಿಯಡ್ಡಿನಲ್ಲಿ ಇಬ್ಬರು ಮಕ್ಕಳು ಆಟಕ್ಕೆಂದು ಜಾಲದಲ್ಲಿ ಯಾರು ಯಾರು ಇದ್ದಾರೆಂದು ನೋಡಿದರು. ಆಫೀಸಿನ ಕಂಪ್ಯೂಟರಿನ ಹೆಸರು ಕಂಡಿತು. ಒತ್ತಿದರು, ತೆರೆಯಿತು. ಮರುದಿನದಿಂದ ತರಗತಿಯ ಒಂದು ಮಗುವಿಗೆ ಹೊಸ ಅಡ್ಡಹೆಸರು ಬಿತ್ತು. ಅದು ಹೆಸರಲ್ಲ, ಒಂದು ಸಂಖ್ಯೆ. ಆ ಮನೆಯ ವರ್ಷದ ವರಮಾನದ ಸಂಖ್ಯೆ. ಹಾಜರಿ ಕರೆಯುವಾಗ ಹಿಂದಿನ ಬೆಂಚಿನಿಂದ ಮೆಲ್ಲನೆ ಆ ಸಂಖ್ಯೆ ಕೇಳಿಬರುತ್ತಿತ್ತಂತೆ. ನಮಗೆ ಏನೂ ತಿಳಿಯಲಿಲ್ಲ. ಆ ಮಗು ಮೂರು ದಿನ ಶಾಲೆಗೆ ಬರಲಿಲ್ಲ. ಜ್ವರವಿರಬಹುದೆಂದುಕೊಂಡೆವು.

ನಾಲ್ಕನೆಯ ದಿನ ತಾಯಿ ಬಂದರು. ಬೀಡಿ ಕಟ್ಟಿ ಸಂಸಾರ ನಡೆಸುವವರು. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ.

"ವಿಲೇಜ್ ಆಫೀಸಿನಿಂದ ತಂದ ಕಾಗದವನ್ನು ನಾನು ಕೊಟ್ಟದ್ದು ನಿಮ್ಮ ಕೈಗೆ ಸರ್. ಅದು ಮಕ್ಕಳ ಬಾಯಿಗೆ ಹೇಗೆ ಬಂತು?"

ನಮ್ಮಲ್ಲಿ ಉತ್ತರವಿರಲಿಲ್ಲ. ಆ ಮಗುವಿನ ಹೆಸರನ್ನಾಗಲಿ ಆ ಸಂಖ್ಯೆಯನ್ನಾಗಲಿ ನಾವು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೇ ತಪ್ಪನ್ನು ಅಚ್ಚಿನಲ್ಲಿ ಇನ್ನೊಮ್ಮೆ ಮಾಡಿದಂತೆ. ಇಣುಕಿ ನೋಡಿದ ಮಕ್ಕಳನ್ನು ಕರೆದು ವಿಚಾರಿಸಿದೆವು. ಅವರು ಅತ್ತರು, ಕ್ಷಮೆ ಕೇಳಿದರು. ಆದರೆ ಬಾಗಿಲಿನೊಳಗೆ ಇಣುಕಿದವರಿಗಿಂತ ಬಾಗಿಲನ್ನು ತೆರೆದಿಟ್ಟವರ ತಪ್ಪು ದೊಡ್ಡದು. ಫೋಲ್ಡರಿಗೆ ಅಂದೇ ಪಾಸ್‌ವರ್ಡು ಹಾಕಿದೆವು. ರಾತ್ರಿ ಮಲಗಿದಾಗ ಮಾತ್ರ ಆ ತಾಯಿಯ ಪ್ರಶ್ನೆ ಮತ್ತೆ ಎದುರು ಬಂತು. ಪೆಟ್ಟಿಗೆಗೆ ಬೀಗ ಹಾಕಿದ್ದಾಯಿತು ನಿಜ. ಆದರೆ ಊರವರ ಕಾಗದ ಪತ್ರದ ಪೆಟ್ಟಿಗೆಯನ್ನು ಮಕ್ಕಳು ಆಡುವ ಚಾವಡಿಯಲ್ಲಿ ಇಟ್ಟದ್ದಾದರೂ ಯಾಕೆ?

ಅಂದಿನಿಂದ ನಾವು ಕಲಿಯತೊಡಗಿದ ವಿದ್ಯೆಗೆ ಇಂಗ್ಲಿಷಿನಲ್ಲಿ ಸಬ್‌ನೆಟ್ಟಿಂಗ್ ಎನ್ನುತ್ತಾರೆ. ಒಂದು ದೊಡ್ಡ ಜಾಲವನ್ನು ಸಣ್ಣ ಸಣ್ಣ ಉಪಜಾಲಗಳಾಗಿ ಪಾಲು ಮಾಡುವುದು. ಹೆಸರು ಕೇಳಿ ಹೆದರಬೇಕಾಗಿಲ್ಲ. ಐದನೆಯ ತರಗತಿಯ ಭಾಗಾಕಾರ ಬಂದರೆ ಸಾಕು.

ಪೋಸ್ಟಿನ ಕಾಗದವನ್ನೇ ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ 1972ರ ಆಗಸ್ಟ್ 15ರಂದು ಪಿನ್‌ಕೋಡು ಜಾರಿಗೆ ಬಂತು. ಆರು ಅಂಕಿಗಳು. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ಎಲ್ಲವೂ 671 ಎಂದು ಆರಂಭವಾಗುತ್ತವೆ. ದೂರದ ಊರಿನಲ್ಲಿ ಕಾಗದ ವಿಂಗಡಿಸುವವರು ಮೊದಲಿನ ಮೂರು ಅಂಕಿ ನೋಡಿ ಇದು ಕಾಸರಗೋಡಿನ ಚೀಲಕ್ಕೆ ಎಂದು ಹಾಕುತ್ತಾರೆ. ನಿಮ್ಮ ಮನೆ ಗುಡ್ಡದ ಮೇಲಿದೆಯೋ ತೋಡಿನ ಆಚೆಗಿದೆಯೋ ಎಂಬ ಚಿಂತೆ ಅವರಿಗಿಲ್ಲ. ಅದು ಇಲ್ಲಿಯ ಪೋಸ್ಟುಮನ್ನಿನ ಕೆಲಸ. ಕಂಪ್ಯೂಟರಿನ ವಿಳಾಸವೂ ಹೀಗೆಯೇ ಎರಡು ತುಂಡು. ಮೊದಲ ತುಂಡು ಯಾವ ಜಾಲ ಎಂದು ಹೇಳುತ್ತದೆ. ಎರಡನೆಯ ತುಂಡು ಆ ಜಾಲದೊಳಗೆ ಯಾವ ಯಂತ್ರ ಎಂದು ಹೇಳುತ್ತದೆ.

1981ರ ಸೆಪ್ಟೆಂಬರದಲ್ಲಿ ನಿಗದಿಯಾದ ಕ್ರಮದಂತೆ ಈ ವಿಳಾಸದಲ್ಲಿ ನಾಲ್ಕು ಸಂಖ್ಯೆಗಳು. ಒಂದೊಂದೂ 0ಯಿಂದ 255ರೊಳಗೆ. ನಮ್ಮ ಶಾಲೆಯ ಒಂದು ಯಂತ್ರದ ವಿಳಾಸ 192.168.1.70 ಎಂದಿಟ್ಟುಕೊಳ್ಳಿ. ಈ ಲೆಕ್ಕದಲ್ಲಿ ಒಟ್ಟು 429 ಕೋಟಿಗೂ ಹೆಚ್ಚು ವಿಳಾಸಗಳಾಗುತ್ತವೆ. ಅಷ್ಟೂ ಸಾಲದೆ 2011ರ ಫೆಬ್ರವರಿ 3ರಂದು ಜಗತ್ತಿನ ಕೇಂದ್ರ ದಾಸ್ತಾನು ಬರಿದಾಯಿತು. ಆದರೆ 192.168 ಎಂದು ಆರಂಭವಾಗುವವು ಮನೆಯೊಳಗಿನ ಬಳಕೆಗೆಂದೇ ಬಿಟ್ಟ ವಿಳಾಸಗಳು. 1996ರಲ್ಲಿ ಹಾಗೆ ನಿಶ್ಚಯಿಸಲಾಯಿತು. ನಮ್ಮಲ್ಲಿಯೂ 192.168.1.70 ಇರಬಹುದು, ಕಾನ್ಪುರದ ಶಾಲೆಯಲ್ಲಿಯೂ ಇರಬಹುದು. ಮನೆಮನೆಯಲ್ಲಿ ಒಬ್ಬ ಪುಟ್ಟ ಇದ್ದರೂ ಜಗಳವಾಗುವುದಿಲ್ಲವಷ್ಟೆ!

ಪಾಲು ಮಾಡುವ ಯೋಚನೆ ಯಾರಿಗೆ ಯಾಕೆ ಬಂತು ಎಂಬುದೂ ತಿಳಿಯತಕ್ಕ ವಿಷಯ. 1969ರ ಅಕ್ಟೋಬರ 29ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಎರಡು ಸಂಸ್ಥೆಗಳ ನಡುವೆ ಆರ್ಪಾನೆಟ್ ಎಂಬ ಜಾಲದ ಮೊದಲ ಸಂದೇಶ ಹೋಯಿತು. 'ಲಾಗಿನ್' ಎಂದು ಕಳುಹಿಸಲು ಹೊರಟವರಿಗೆ ಮೊದಲಿನ ಎರಡು ಅಕ್ಷರಗಳಷ್ಟೇ ದಾಟಿದವು. ಅಷ್ಟರಲ್ಲಿ ಯಂತ್ರ ಕೈಕೊಟ್ಟಿತು. 1983ರ ಜನವರಿ 1ರಂದು ಆ ಜಾಲವು ಇಂದಿನ ಇಂಟರ್‌ನೆಟ್ಟಿನ ನಿಯಮಗಳಿಗೆ ಬದಲಾಯಿತು. ಆಗ ಜಾಲಗಳಲ್ಲಿ ಮುಖ್ಯವಾಗಿ ಮೂರೇ ಗಾತ್ರ. ಸಣ್ಣದರಲ್ಲಿ 254 ಯಂತ್ರ, ನಡುವಿನದರಲ್ಲಿ 65,534, ದೊಡ್ಡದರಲ್ಲಿ 1 ಕೋಟಿ 67 ಲಕ್ಷಕ್ಕೂ ಹೆಚ್ಚು. ಅಂಗಡಿಯಲ್ಲಿ ಮೂರೇ ಅಳತೆಯ ಅಂಗಿ ಇದ್ದ ಹಾಗೆ. ವಿಶ್ವವಿದ್ಯಾನಿಲಯಗಳಲ್ಲಿ ಒಂದೊಂದು ವಿಭಾಗಕ್ಕೆ ಒಂದೊಂದು ಜಾಲ ಹುಟ್ಟತೊಡಗಿದಾಗ ಪ್ರತಿಯೊಂದಕ್ಕೂ ಬೇರೆ ಸಂಖ್ಯೆ ಕೊಟ್ಟರೆ ಹೊರಗಿನ ಜಗತ್ತೆಲ್ಲ ಅಷ್ಟನ್ನೂ ನೆನಪಿಡಬೇಕಾಗುತ್ತಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದ ಜೆಫ್ರಿ ಮೊಗಲ್ 1984ರ ಅಕ್ಟೋಬರದಲ್ಲಿ ಇದಕ್ಕೊಂದು ದಾರಿ ಬರೆದರು: ಹೊರಗಿನವರಿಗೆ ಒಂದೇ ಜಾಲವಾಗಿ ಕಾಣಲಿ, ಒಳಗೆ ಎಷ್ಟು ಪಾಲು ಬೇಕೋ ಅಷ್ಟು ಮಾಡಿಕೊಳ್ಳಿರಿ. 1985ರ ಆಗಸ್ಟಿನಲ್ಲಿ ಅವರೂ ಜಾನ್ ಪೋಸ್ಟೆಲರೂ ಸೇರಿ ಅದನ್ನು ನಿಯಮವಾಗಿ ಪ್ರಕಟಿಸಿದರು. ಹೊರಗಿನಿಂದ ನೋಡಿದವರಿಗೆ ಒಂದೇ ತರವಾಡು ಮನೆ, ಒಳಗೆ ಹೋದರೆ ನಾಲ್ಕು ಒಲೆ! 1993ರ ಹೊಸ ಕ್ರಮದಿಂದ ಮೂರೇ ಅಳತೆಯ ಕಟ್ಟೂ ಹೋಯಿತು.

ಇನ್ನು ನಮ್ಮ ಶಾಲೆಯ ಲೆಕ್ಕ. ನಮ್ಮ ವಿಳಾಸಗಳಲ್ಲಿ 192.168.1 ಎಂಬುದು ಎಲ್ಲಕ್ಕೂ ಸಮಾನ. ಕೊನೆಯ ಸಂಖ್ಯೆ 0ಯಿಂದ 255ರ ತನಕ, ಎಂದರೆ 256. ಇದನ್ನು ನಾಲ್ಕರಿಂದ ಭಾಗಿಸಿದರೆ 64. ಮೊದಲ ಪಾಲು 0ಯಿಂದ 63, ಪ್ರಯೋಗಾಲಯಕ್ಕೆ. ಎರಡನೆಯದು 64ರಿಂದ 127, ತರಗತಿಗಳಿಗೆ. ಮೂರನೆಯದು 128ರಿಂದ 191, ಅಧ್ಯಾಪಕರಿಗೂ ವಾಚನಾಲಯಕ್ಕೂ. ನಾಲ್ಕನೆಯದು 192ರಿಂದ 255, ಆಫೀಸಿಗೆ.

ತಾನು ಯಾವ ಪಾಲಿನಲ್ಲಿದ್ದೇನೆಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಕಂಪ್ಯೂಟರು ಈ ಸಂಖ್ಯೆಯನ್ನು 128, 64, 32, 16, 8, 4, 2, 1 ಎಂಬ ಎಂಟು ತೂಕದ ಕಲ್ಲುಗಳಿಂದ ತೂಗುತ್ತದೆ. 70 ಎಂದರೆ 64, 4, 2 ಈ ಮೂರು ಕಲ್ಲು. 130 ಎಂದರೆ 128 ಮತ್ತು 2. ನಾಲ್ಕು ಪಾಲಾದಲ್ಲಿ ಮೊದಲಿನ ಎರಡು ದೊಡ್ಡ ಕಲ್ಲುಗಳನ್ನು ನೋಡಿದರೆ ಸಾಕು. 70ರಲ್ಲಿ 128 ಇಲ್ಲ, 64 ಇದೆ, ಎರಡನೆಯ ಪಾಲು. 130ರಲ್ಲಿ 128 ಇದೆ, 64 ಇಲ್ಲ, ಮೂರನೆಯ ಪಾಲು. ಯಾವ ಕಲ್ಲುಗಳನ್ನು ನೋಡಬೇಕೆಂದು ಹೇಳುವ ಸಂಖ್ಯೆಗೆ ಮಾಸ್ಕ್ ಎಂದು ಹೆಸರು. 128ಕ್ಕೆ 64 ಕೂಡಿಸಿದರೆ 192. ಆದುದರಿಂದ ನಮ್ಮ ಮಾಸ್ಕು 255.255.255.192. ಮೊದಲು ಅದು 255.255.255.0 ಆಗಿತ್ತು. ಕೊನೆಯ ಸೊನ್ನೆಯ ಜಾಗಕ್ಕೆ 192 ಬಂತು. ಒಂದು ಚಾವಡಿ ನಾಲ್ಕು ಕೋಣೆಯಾಯಿತು.

ಈ ಪಾಲಿನಲ್ಲಿ ಸ್ವಲ್ಪ ನಷ್ಟವೂ ಇದೆ. ಪ್ರತಿ ಪಾಲಿನ ಮೊದಲ ಸಂಖ್ಯೆ ಆ ಪಾಲಿನ ಹೆಸರಿಗೆ ಹೋಗುತ್ತದೆ. ಕೊನೆಯ ಸಂಖ್ಯೆ ಡಂಗುರಕ್ಕೆ ಮೀಸಲು. ಆ ವಿಳಾಸಕ್ಕೆ ಕಳುಹಿಸಿದ್ದು ಆ ಪಾಲಿನ ಎಲ್ಲರಿಗೂ ಕೇಳುತ್ತದೆ. ಅವೆರಡನ್ನೂ ಯಾವ ಯಂತ್ರಕ್ಕೂ ಕೊಡುವಂತಿಲ್ಲ. ಒಂದೇ ಜಾಲವಾಗಿದ್ದಾಗ 254 ಯಂತ್ರಗಳಿಗೆ ಜಾಗವಿತ್ತು. ನಾಲ್ಕು ಪಾಲಾದ ಮೇಲೆ ಒಂದೊಂದರಲ್ಲಿ 62, ಒಟ್ಟು 248. ಆರು ಕಡಿಮೆ.

ಇದನ್ನು ಬೋರ್ಡಿನ ಮೇಲೆ ಬರೆದಾಗ ನಮಗೆ ನಮ್ಮ ಮನೆಯ ಮುಂದಿನ ಬಯಲು ನೆನಪಾಯಿತು. ಅಜ್ಜ ತೀರಿಕೊಂಡ ವರ್ಷ ಅದು ತಂದೆಯವರಿಗೂ ಅವರ ಮೂವರು ಅಣ್ಣತಮ್ಮಂದಿರಿಗೂ ಪಾಲಾಯಿತು. ನಡುವೆ ಹೊಸ ಹುಣಿಗಳು ಬಂದವು. ಹುಣಿ ಕಟ್ಟಿದಷ್ಟು ಜಾಗದಲ್ಲಿ ಭತ್ತ ಬೆಳೆಯಲಿಲ್ಲ. ಆ ಮಣ್ಣು ಯಾರ ಪಾಲಿಗೂ ಸೇರಲಿಲ್ಲ. ಆದರೆ ಅದಿಲ್ಲದೆ ಯಾರ ಪಾಲೂ ಪಾಲಲ್ಲ. ನಾವು ಕಳೆದುಕೊಂಡ ಆರು ವಿಳಾಸಗಳು ಆ ಹುಣಿಯ ಮಣ್ಣಿನಂತೆ.

ಲೆಕ್ಕ ಸರಿಯಾಯಿತೆಂದು ಹಿಗ್ಗಿ ಒಂದು ಶನಿವಾರ ಕುಳಿತು ಎಪ್ಪತ್ತೇಳು ಯಂತ್ರಗಳಿಗೂ ಹೊಸ ವಿಳಾಸ, ಹೊಸ ಮಾಸ್ಕು ಬರೆದೆವು. ಸೋಮವಾರ ಪ್ರಯೋಗಾಲಯದಲ್ಲಿ ಮಕ್ಕಳಿಗೆ ತೋರಿಸಿದೆವು. ಆಫೀಸಿನ ಕಂಪ್ಯೂಟರು ಕಾಣಲಿಲ್ಲ. ನಾವು ಬೀಗುತ್ತಿದ್ದಾಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಮೆಲ್ಲನೆ ಕೈ ಎತ್ತಿದ.

"ಸರ್, ನಾನು ಒಂದು ಮಾಡಲಾ?"

ಮಾಡು ಎಂದೆವು. ಅವನು ತನ್ನ ಯಂತ್ರದ ವಿಳಾಸದ ಕೊನೆಗಿದ್ದ 23ನ್ನು ಅಳಿಸಿ 210 ಎಂದು ಬರೆದ. ಆಫೀಸಿನ ಕಂಪ್ಯೂಟರಿನ ಹೆಸರು ತೆರೆಯ ಮೇಲೆ ಬಂದು ಕುಳಿತಿತು! ತಂತಿಗಳೆಲ್ಲ ಇನ್ನೂ ಒಂದಕ್ಕೊಂದು ಜೋಡಿಸಿಕೊಂಡೇ ಇದ್ದವು. ನಾವು ಪಾಲು ಮಾಡಿದ್ದು ಕಾಗದದ ಮೇಲೆ. ನೆಲದಲ್ಲಿ ಹುಣಿ ಬಿದ್ದಿರಲಿಲ್ಲ. ಅಂದು ನಮಗೆ ನಾಚಿಕೆಯಾದದ್ದು ನಿಜ. ಆದರೆ ಆ ಹುಡುಗ ಕೇಳಿ ಮಾಡಿದ, ಕದ್ದು ಮಾಡಲಿಲ್ಲ ಎಂಬುದೇ ಸಮಾಧಾನ.

ಬೇಕಾದದ್ದು ಒಂದು ರೂಟರು. ಒಂದು ಪಾಲಿನಿಂದ ಇನ್ನೊಂದಕ್ಕೆ ಹೋಗುವ ಪ್ರತಿಯೊಂದು ಸಂದೇಶವೂ ಅದರ ಮೂಲಕವೇ ಹಾದುಹೋಗಬೇಕು. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಅದಕ್ಕೆ ಮೊದಲೇ ಹೇಳಿಡಬಹುದು. ದೊಡ್ಡ ಸಂಸ್ಥೆಗಳಲ್ಲಿ ಬೆಲೆಬಾಳುವ ಸ್ವಿಚ್ಚುಗಳೊಳಗೇ ಇಂತಹ ಬೇಲಿ ಹಾಕುವ ಏರ್ಪಾಟು ಉಂಟು. ನಮ್ಮಲ್ಲಿದ್ದವು ಸಾದಾ ಸ್ವಿಚ್ಚುಗಳು. ಆದುದರಿಂದ ನಾಲ್ಕು ಪಾಲಿಗೆ ನಾಲ್ಕು ಬೇರೆ ಸ್ವಿಚ್ಚು, ನಾಲ್ಕೂ ರೂಟರಿನ ನಾಲ್ಕು ಬೇರೆ ಬಾಗಿಲಿಗೆ ಎಂದು ನಕ್ಷೆ ಬರೆದೆವು.

ಅದಕ್ಕೆ ಹಣ ಬೇಕಿತ್ತು. ವಿಷಯ ರಕ್ಷಕ-ಶಿಕ್ಷಕ ಸಂಘದ ಸಭೆಗೆ ಹೋಯಿತು. ಯಾರ ಹೆಸರನ್ನೂ ಎತ್ತದೆ, ಮಕ್ಕಳ ಮನೆಯ ವಿವರ ನಮ್ಮ ಅಜಾಗ್ರತೆಯಿಂದ ಹೊರಬಿತ್ತೆಂದು ಸಭೆಯ ಮುಂದೆ ಒಪ್ಪಿಕೊಂಡೆವು. ಸಭೆ ಗಪ್ಪಾಯಿತು. ಆಮೇಲೆ ಒಬ್ಬರು ಕೇಳಿದರು: "ನಂಬರು ಬದಲಾಯಿಸಿದರೆ ಪಾಲಾಯಿತು ಅಂತ ನೀವೇ ಹೇಳಿದ್ದಲ್ಲವಾ ಸರ್? ಇರುವುದನ್ನು ಪಾಲು ಮಾಡಲಿಕ್ಕೆ ಹೊಸ ಖರ್ಚು ಯಾಕೆ?" ನಾವು ಉತ್ತರಿಸುವ ಮೊದಲೇ ಹಿಂದಿನ ಸಾಲಿನಲ್ಲಿದ್ದ ಹಿರಿಯ ಕೃಷಿಕರೊಬ್ಬರು ಎದ್ದು ನಿಂತರು.

"ಹುಣಿ ಹಾಕದೆ ಪಾಲಾಯಿತು ಅಂತ ಹೇಳಿದರೆ ದನ ಕೇಳ್ತದಾ ಮಾರಾಯ್ರೇ?"

ಸಭೆಯೆಲ್ಲ ನಕ್ಕಿತು. ಹಣ ಮಂಜೂರಾಯಿತು. ಅರ್ಧ ಗಂಟೆ ಬೋರ್ಡಿನ ಮುಂದೆ ನಿಂತು ನಾವು ವಿವರಿಸಲಾಗದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು.

ಕ್ರಿಸ್ಮಸ್ ರಜೆಯಲ್ಲಿ ಕೆಲಸ ನಡೆಯಿತು. ಕಂಪ್ಯೂಟರು ಸಂಘದ ಮಕ್ಕಳು ಬುತ್ತಿ ಕಟ್ಟಿಕೊಂಡು ಬಂದರು. ತಂತಿಯ ತುದಿಯ ಎಂಟು ಎಳೆಗಳನ್ನು ಬಣ್ಣದ ಕ್ರಮದಲ್ಲಿ ಜೋಡಿಸುವುದನ್ನು ಹುಡುಗಿಯರು ಬೇಗ ಕಲಿತರು. ನಮ್ಮ ಕೈಯಲ್ಲಿ ಹಾಳಾದ ತುದಿಗಳೇ ಹೆಚ್ಚು. ಮೇಲೆ ಹೇಳಿದ ಹುಡುಗನಿಗೆ ಪರೀಕ್ಷಕನ ಪದವಿ ಕೊಟ್ಟೆವು. ಎಲ್ಲ ಮುಗಿದ ಮೇಲೆ ಅವನು ಪ್ರಯೋಗಾಲಯದ ಯಂತ್ರಕ್ಕೆ ಮತ್ತೆ 210 ಎಂದು ಬರೆದು ನೋಡಿದ. ಆಫೀಸು ಸಿಗಲಿಲ್ಲ. ಇನ್ನೂ ನಾಲ್ಕು ಬಗೆಯಲ್ಲಿ ಪ್ರಯತ್ನಿಸಿದ. ಸಿಗಲಿಲ್ಲ. "ಈಗ ಆಯಿತು ಸರ್" ಎಂದ.

ಆಗಿರಲಿಲ್ಲ. ಹಿಂದಿನ ಭಯದಿಂದ ನಾವು ರೂಟರಿನಲ್ಲಿ ಪಾಲುಗಳ ನಡುವಿನ ದಾರಿಗಳನ್ನೆಲ್ಲ ಮುಚ್ಚಿಬಿಟ್ಟಿದ್ದೆವು. ಜನವರಿಯಲ್ಲಿ ಶಾಲೆ ತೆರೆದ ಎರಡನೆಯ ದಿನ ಎಂಟನೆಯ ತರಗತಿಯ ಒಬ್ಬಳು ಬಂದು, "ಸರ್, ಲೈಬ್ರರಿ ಕಾಣುವುದಿಲ್ಲ" ಎಂದಳು. ವಾಚನಾಲಯದ ಪುಸ್ತಕಗಳ ಪಟ್ಟಿಯನ್ನು ಮಕ್ಕಳೇ ಎರಡು ವರ್ಷ ಕುಳಿತು ಕನ್ನಡದಲ್ಲಿ ಟೈಪು ಮಾಡಿ ವಾಚನಾಲಯದ ಕಂಪ್ಯೂಟರಿನಲ್ಲಿ ಇಟ್ಟಿದ್ದರು. ಪ್ರಯೋಗಾಲಯದಲ್ಲಿ ಕುಳಿತೇ ಯಾವ ಪುಸ್ತಕ ಇದೆ, ಯಾವುದು ಹೊರಗೆ ಹೋಗಿದೆ ಎಂದು ನೋಡುತ್ತಿದ್ದರು. ಈಗ ಆ ದಾರಿ ಬಂದಾಗಿತ್ತು. ಅಧ್ಯಾಪಕರ ಕೋಣೆಯ ಪ್ರಿಂಟರೂ ತರಗತಿಗಳಿಗೆ ಸಿಗುತ್ತಿರಲಿಲ್ಲ.

ಗಡಿಯಲ್ಲಿ ಬದುಕುವ ನಮಗೆ ಇದರ ಅರ್ಥ ಬೇರೆಯವರಿಗಿಂತ ಬೇಗ ತಿಳಿಯಬೇಕಿತ್ತು. 1956ರ ನವೆಂಬರ 1ರಂದು ರಾಜ್ಯಗಳ ಗೆರೆ ಎಳೆದಾಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ಕೇರಳಕ್ಕೆ ಸೇರಿತು. ಗೆರೆ ಬಿದ್ದರೂ ತಲಪಾಡಿಯ ದಾರಿ ತೆರೆದಿದ್ದುದರಿಂದ ನಮ್ಮ ಹೆಣ್ಣುಮಕ್ಕಳು ಆಚೆಗೆ ಮದುವೆಯಾಗಿ ಹೋದರು, ಸೊಸೆಯಂದಿರು ಈಚೆಗೆ ಬಂದರು. ಕನ್ನಡ ಪತ್ರಿಕೆ ಬೆಳಗ್ಗೆ ಬಸ್ಸಿನಲ್ಲಿ ಬಂತು, ಯಕ್ಷಗಾನದ ಮೇಳಗಳು ಎರಡೂ ಕಡೆ ಆಡಿದವು. 2020ರ ಮಾರ್ಚಿನಲ್ಲಿ ಕೋವಿಡ್ ಕಾಲದಲ್ಲಿ ಅದೇ ದಾರಿ ಮುಚ್ಚಿತು. ಒಳದಾರಿಗಳಲ್ಲಿ ಮಣ್ಣು ಬಿತ್ತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ಪಟ್ಟ ಪಾಡನ್ನು ಇಲ್ಲಿಯ ಯಾವ ಮನೆಗೂ ಬಿಡಿಸಿ ಹೇಳಬೇಕಾಗಿಲ್ಲ. ರೋಗ ಹರಡದಂತೆ ಗಡಿಯಲ್ಲಿ ತಡೆ ಬೇಕಿತ್ತು ನಿಜ. ಆದರೆ ಆಂಬುಲೆನ್ಸಿಗೆ ದಾರಿ ಇರಬೇಕಿತ್ತು.

ನಮ್ಮ ಬಯಲಿನಲ್ಲಿಯೂ ಪಾಲಾದ ಮೊದಲ ವರ್ಷ ಇದೇ ಆಯಿತು. ಅಣ್ಣತಮ್ಮಂದಿರ ಮಾತು ನಿಂತಿದ್ದ ಹೊತ್ತು. ಹುಣಿಗಳನ್ನು ಕಂಡಿ ಬಿಡದೆ ಕಟ್ಟಿದರು. ಆಟಿಯ ಮಳೆಗೆ ಮೇಲಿನ ಗದ್ದೆಯಲ್ಲಿ ನೀರು ನಿಂತು ನೇಜಿ ಕೊಳೆಯಿತು. ಮಳೆ ಬಿಟ್ಟ ಮೇಲೆ ಕೆಳಗಿನ ಗದ್ದೆಗೆ ನೀರು ಇಳಿಯದೆ ಪೈರು ಬಾಡಿತು. ಮರುವರ್ಷ ಯಾರೂ ಯಾರಿಗೂ ಹೇಳದೆ ಒಂದೊಂದು ಹುಣಿಯಲ್ಲಿ ಒಂದೊಂದು ಕಂಡಿ ಬಿಟ್ಟರು. ಬೇಕಾದಾಗ ತೆರೆಯುವುದು, ಬೇಡವಾದಾಗ ಒಂದು ಹೆಡೆ ಮಣ್ಣು ಹಾಕಿ ಮುಚ್ಚುವುದು.

ನಾವೂ ಒಂದು ಕಾಗದ ತೆಗೆದುಕೊಂಡು ಯಾರಿಗೆ ಯಾರು ಬೇಕು ಎಂದು ಬರೆಯಲು ಕುಳಿತೆವು. ಪ್ರಯೋಗಾಲಯಕ್ಕೆ ವಾಚನಾಲಯದ ಪಟ್ಟಿ ಬೇಕು, ಬಿಡುವುದು. ತರಗತಿಗಳಿಗೆ ಅಧ್ಯಾಪಕರ ಪ್ರಿಂಟರು ಬೇಕು, ಬಿಡುವುದು. ನಾಲ್ಕೂ ಪಾಲಿಗೆ ಹೊರಗಿನ ಇಂಟರ್‌ನೆಟ್ಟು ಬೇಕು, ಬಿಡುವುದು. ಆಫೀಸಿಗೆ ಪ್ರಯೋಗಾಲಯದಿಂದ ಯಾರೂ ಹೋಗಬೇಕಾಗಿಲ್ಲ, ಬಿಡಬಾರದು. ವಿದ್ಯಾರ್ಥಿವೇತನದ ಫೋಲ್ಡರಿಗೆ ಕ್ಲಾಸು ಟೀಚರರು ಮಾತ್ರ, ಅದೂ ಪಾಸ್‌ವರ್ಡಿನೊಂದಿಗೆ, ಆಫೀಸಿನಲ್ಲಿಯೇ ಕುಳಿತು. ಎಲ್ಲವನ್ನೂ ಮುಚ್ಚಲು ನಮಗೆ ಹತ್ತು ನಿಮಿಷ ಸಾಕಾಗಿತ್ತು. ಎಲ್ಲೆಲ್ಲಿ ಕಂಡಿ ಇಡಬೇಕೆಂದು ತೀರ್ಮಾನಿಸಲು ಹತ್ತು ದಿನ ಹಿಡಿಯಿತು.

ಈ ಏರ್ಪಾಟಿನ ಪರೀಕ್ಷೆ ಮರುವರ್ಷ ನಾವೆಣಿಸದ ಬಗೆಯಲ್ಲಿ ನಡೆಯಿತು. ಅದಕ್ಕೆ ಮೊದಲು ಒಂದು ಹಳೆಯ ಕಥೆ ಹೇಳಬೇಕು. ಜಾಲ ಒಂದೇ ಆಗಿದ್ದಾಗ ಒಂದು ದಿನ ಯಾರೋ ಪ್ರಯೋಗಾಲಯದಲ್ಲಿ ನೇತಾಡುತ್ತಿದ್ದ ತಂತಿಯ ಎರಡು ತುದಿಗಳನ್ನೂ ಒಂದೇ ಸ್ವಿಚ್ಚಿಗೆ ಸಿಕ್ಕಿಸಿದ್ದರು. ಜಾಲದಲ್ಲಿ ಒಂದು ಯಂತ್ರಕ್ಕೆ ಇನ್ನೊಂದನ್ನು ಹುಡುಕಬೇಕಾದಾಗ, ಇಂತಹ ವಿಳಾಸದವರು ಯಾರು ಎಂದು ಎಲ್ಲರಿಗೂ ಕೇಳುವಂತೆ ಡಂಗುರ ಹೊಡೆಯುತ್ತದೆ. ತಂತಿ ಸುತ್ತಿಕೊಂಡರೆ ಆ ಕೂಗು ಒಂದು ತುದಿಯಿಂದ ಹೋಗಿ ಇನ್ನೊಂದು ತುದಿಯಿಂದ ಮರಳಿ ಬಂದು, ಪುನಃ ಹೋಗಿ, ಕ್ಷಣಕ್ಷಣಕ್ಕೂ ಹೆಚ್ಚುತ್ತದೆ. ಬೇರೆ ಮಾತಿಗೆ ಎಡೆಯೇ ಇಲ್ಲ. ಅಂದು ಇಡೀ ಶಾಲೆಯ ಜಾಲ ಅರ್ಧ ದಿನ ಸತ್ತುಬಿದ್ದಿತ್ತು. ಆಫೀಸಿನವರು ಪೇಟೆಗೆ ಹೋಗಿ ಕೆಲಸ ಮುಗಿಸಿಕೊಂಡು ಬಂದಿದ್ದರು.

ಪಾಲಾದ ಮೇಲೆ, ವಿದ್ಯಾರ್ಥಿವೇತನದ ಅರ್ಜಿಗಳನ್ನು ಕಳುಹಿಸುವ ಕೊನೆಯ ದಿನ ಅದೇ ಮತ್ತೆ ಸಂಭವಿಸಿತು. ಹೊಸದಾಗಿ ಸೇರಿದ ಮಗುವೊಂದು ಚೊಕ್ಕಟ ಮಾಡುವ ಉತ್ಸಾಹದಲ್ಲಿ ನೇತಾಡುವ ತಂತಿಯನ್ನು ಸ್ವಿಚ್ಚಿಗೆ ಸಿಕ್ಕಿಸಿತ್ತು. ಪ್ರಯೋಗಾಲಯದ ನಲುವತ್ತೂ ಯಂತ್ರಗಳು ಒಮ್ಮೆಗೇ ನಿಂತವು. ನಾವು ಎದೆ ಹಿಡಿದುಕೊಂಡು ಆಫೀಸಿಗೆ ಓಡಿದೆವು. ಅಲ್ಲಿ ಗುಮಾಸ್ತರು ಚಹಾ ಕುಡಿಯುತ್ತ ಒಂದೊಂದೇ ಅರ್ಜಿ ಕಳುಹಿಸುತ್ತಿದ್ದರು. "ಏನಾಯಿತು ಮೇಷ್ಟ್ರೇ, ಓಡಿ ಬಂದದ್ದು?" ಎಂದು ಕೇಳಿದರು. ಏನೂ ಇಲ್ಲವೆಂದು ಹೇಳಿ ಹಿಂದಿರುಗಿದೆವು. ಕೂಗು ತನ್ನ ಗದ್ದೆಯ ಹುಣಿ ದಾಟಿರಲಿಲ್ಲ. ಆ ಸಂಜೆಯೊಳಗೆ ಎಲ್ಲ ಮಕ್ಕಳ ಅರ್ಜಿಗಳೂ ಹೋದವು. ಅವುಗಳಲ್ಲಿ ಆ ಮಗುವಿನದೂ ಇತ್ತು.

ಆ ವರ್ಷದ ವರಮಾನದ ಕಾಗದವನ್ನು ತಾಯಿಯವರು ತಂದಾಗ ನಡೆದುದನ್ನೂ ಹೇಳಬೇಕು. ಕಾಗದ ಕೈಯಲ್ಲಿಯೇ ಇತ್ತು. ಮೇಜಿನ ಮೇಲೆ ಇಡಲಿಲ್ಲ.

"ಇದನ್ನು ಎಲ್ಲಿ ಇಡ್ತೀರಿ ಸರ್?"

ಅವರನ್ನು ಮೊದಲು ಆಫೀಸಿಗೆ, ಆಮೇಲೆ ಪ್ರಯೋಗಾಲಯಕ್ಕೆ ಕರೆದೊಯ್ದೆವು. ಇಲ್ಲಿಂದ ಅಲ್ಲಿಗೆ ದಾರಿ ಇಲ್ಲವೆಂಬುದನ್ನು ತೆರೆಯ ಮೇಲೆ ತೋರಿಸಿದೆವು. ಅಕ್ಷರಗಳೆಲ್ಲ ಇಂಗ್ಲಿಷಿನವು, ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ಅವರು ತೆರೆಯನ್ನು ನೋಡಿದ್ದಕ್ಕಿಂತ ನಮ್ಮ ಮುಖವನ್ನು ನೋಡಿದ್ದೇ ಹೆಚ್ಚು. ಕೊನೆಗೆ ಕಾಗದವನ್ನು ನಮ್ಮ ಕೈಗೆ ಕೊಟ್ಟು ಹೋದರು.

ವಿದ್ಯಾರ್ಥಿ ಮಿತ್ರರೇ, ಪಾಲು ಎಂದೊಡನೆ ಜಗಳ ಎಂದು ತಿಳಿಯುವುದು ವಾಡಿಕೆ. ಎಲ್ಲರೂ ಒಂದೇ ಚಾವಡಿಯಲ್ಲಿ ಇರುವುದೇ ಪ್ರೀತಿ ಎಂದು ನಾವೂ ನಂಬಿದ್ದೆವು. ಆದರೆ ಬಡವರ ಮನೆಯ ಗುಟ್ಟಿಗೆ ಒಂದು ಕೋಣೆ ಬೇಕು, ಆ ಕೋಣೆಗೆ ಗೋಡೆ ಬೇಕು. ಗೋಡೆ ಕಟ್ಟುವವರು ಬಾಗಿಲು ಎಲ್ಲಿರಬೇಕೆಂದು ಮೊದಲೇ ಯೋಚಿಸಬೇಕು. ನಾಳೆ ನಿಮ್ಮಲ್ಲಿ ಕೆಲವರು ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ಇದಕ್ಕಿಂತ ಸಾವಿರ ಪಾಲು ದೊಡ್ಡ ಜಾಲಗಳನ್ನು ನೋಡಿಕೊಳ್ಳುವಿರಿ. ಆಗ ತಂತಿಯ ಆ ತುದಿಯಲ್ಲಿ ಒಂದು ಸಂಖ್ಯೆ ಕಂಡರೆ, ಅದು ಯಾರದೋ ಮನೆಯ ಕಾಗದ ಎಂಬುದು ನೆನಪಿರಲಿ.

ಲೆಕ್ಕದಲ್ಲಿ ಆಸಕ್ತಿ ಇರುವವರಿಗೆ ಒಂದು ಪ್ರಶ್ನೆ: ನಮ್ಮ 256 ವಿಳಾಸಗಳನ್ನು ನಾಲ್ಕರ ಬದಲು ಎಂಟು ಪಾಲು ಮಾಡಿದರೆ ಒಂದೊಂದು ಪಾಲಿನಲ್ಲಿ ಎಷ್ಟು ಯಂತ್ರಗಳಿಗೆ ಜಾಗ? ಮಾಸ್ಕಿನ ಕೊನೆಯ ಸಂಖ್ಯೆ ಯಾವುದು? ಪ್ರಯೋಗಾಲಯದ ನಲುವತ್ತು ಯಂತ್ರಗಳ ಗತಿ ಏನು? ಉತ್ತರದೊಂದಿಗೆ ಕಂಪ್ಯೂಟರು ಕೋಣೆಗೆ ಬನ್ನಿರಿ.

ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲು ಆ ತಾಯಿಯ ಮನೆಗೆ ಹೋಗಿ ಓದಿ ಹೇಳಿದೆವು. ಮಗು ಹತ್ತನೆಯದನ್ನು ಮುಗಿಸಿ ಮುಂದೆ ಓದುತ್ತಿದೆ. ಅಂದು ಮನೆಯಲ್ಲಿತ್ತು, ಒಳಗಿನಿಂದಲೇ ಕೇಳಿಸಿಕೊಂಡಿತು. ತಾಯಿ ಎಲೆ ಕತ್ತರಿಸುತ್ತ ಕೊನೆಯವರೆಗೆ ಕೇಳಿ, ಒಳಗೊಮ್ಮೆ ನೋಡಿ, "ಹೆಸರು ಇಲ್ಲವಲ್ಲ, ಆಗಬಹುದು ಸರ್" ಎಂದರು.